ತೈಲದೂರಿನ ಕಡತ ಬಿಚ್ಚುವ ಬಗೆ: ಟೆಕ್ಸಾಸ್‌ನ ಕಿಲ್ಗೋರ್

ಡಲ್ಲಾಸ್‌ನಿಂದ ಪೂರ್ವಕ್ಕೆ ಸುಮಾರು 120 ಮೈಲಿ ದೂರದಲ್ಲಿರುವ ಕಿಲ್ಗೋರ್ 1872ರಲ್ಲಿ ರೈಲುಹಳಿಯ ಜೊತೆ ಹುಟ್ಟಿದ ಊರು. ಐವತ್ತೆಂಟು ವರ್ಷ ಹತ್ತಿ ಬೆಳೆದುಕೊಂಡು ತಣ್ಣಗಿತ್ತು. 1930ರ ಡಿಸೆಂಬರ್ 28ರಂದು ಹತ್ತಿರದ ಕ್ರಿಮ್ ಕುಟುಂಬದ ಹೊಲದಲ್ಲಿ ‘ಲೂ ಡೆಲ್ಲಾ ಕ್ರಿಮ್ ನಂ. 1’ ಬಾವಿ ದಿನಕ್ಕೆ 22,000 ಬ್ಯಾರೆಲ್ ಲೆಕ್ಕದಲ್ಲಿ ಚಿಮ್ಮಿತು. ಇಂಥ ಊರಿನ ಇತಿಹಾಸ ಬರೆಯಲು ಹೊರಟವರು ಚಿಮ್ಮಿದ ಬಾವಿಯಿಂದಲೇ ಶುರುಮಾಡುತ್ತಾರೆ. ಶುರುಮಾಡಬೇಕಾದದ್ದು ಜಮೀನಿನ ಕಾಗದದಿಂದ. ನಗರಸಭೆ, ಶಾಲೆ, ತೆರಿಗೆ, ಜಗಳ ಎಲ್ಲವೂ ಆ ಕಾಗದಕ್ಕೇ ಹೋಗಿ ಮುಟ್ಟುತ್ತವೆ.

ಯಾವ ಕಚೇರಿ? ಕಿಲ್ಗೋರ್ ಎರಡು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಹರಡಿದೆ. ಗ್ರೆಗ್ ಕೌಂಟಿಯ ದಾಖಲೆಗಳು ಲಾಂಗ್‌ವ್ಯೂನಲ್ಲಿ, ರಸ್ಕ್ ಕೌಂಟಿಯವು ಹೆಂಡರ್ಸನ್‌ನಲ್ಲಿ. ಒಂದೇ ಕುಟುಂಬದ ಜಮೀನು ಎರಡೂ ಕಡೆ ಇರಬಹುದು. ಒಂದು ಕಡೆ ಸಿಗಲಿಲ್ಲವೆಂದು ‘ದಾಖಲೆಯೇ ಇಲ್ಲ’ ಎಂದು ಬರೆದುಬಿಡುವುದು ಇಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು.

ಜಮೀನಿನ ಪತ್ರಗಳನ್ನು ನೋಂದಾಯಿಸುವ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಎರಡು ಸೂಚಿಗಳಿರುತ್ತವೆ: ಕೊಟ್ಟವರ ಹೆಸರಿನದು, ಪಡೆದವರ ಹೆಸರಿನದು. ನಮ್ಮ ಪಹಣಿಯಂತೆ ಸರ್ವೇ ನಂಬರ್ ಹಿಡಿದು ನೇರವಾಗಿ ಮಾಲೀಕರನ್ನು ತಲುಪುವ ದಾರಿ ಇಲ್ಲಿಲ್ಲ. ಹೆಸರಿನಿಂದ ಹೆಸರಿಗೆ ಜಿಗಿಯುತ್ತಾ ಹೋಗಬೇಕು. 1930ರಿಂದ 1933ರವರೆಗಿನ ಸೂಚಿಗಳನ್ನು ಪೂರ್ತಿ ತಿರುವಿ. ಪ್ರತಿ ಪತ್ರದಲ್ಲೂ ಬರೆದ ದಿನಾಂಕ, ನೋಂದಣಿಯಾದ ದಿನಾಂಕ ಎರಡನ್ನೂ ಗುರುತು ಹಾಕಿಕೊಳ್ಳಿ. ತೈಲ ಸಿಕ್ಕ ಸುದ್ದಿ ಹಬ್ಬಿದ ಮೇಲೆ ಹಳೆಯ ಪತ್ರಗಳು ಪೆಟ್ಟಿಗೆಯಿಂದ ಹೊರಬಂದು ನೋಂದಣಿಯಾದಾಗ ಎರಡರ ನಡುವಿನ ಅಂತರವೇ ಕಥೆ ಹೇಳುತ್ತದೆ.

ಪತ್ರದ ಬಗೆ ತಿಳಿಯದಿದ್ದರೆ ಓದಿದ್ದೆಲ್ಲ ದಂಡ. ನಮ್ಮಲ್ಲಿ ನೆಲದಡಿಯ ತೈಲ ಸರ್ಕಾರದ್ದು. ಟೆಕ್ಸಾಸ್‌ನಲ್ಲಿ ಅದು ಜಮೀನಿನವರದು, ಅದನ್ನು ಮೇಲ್ನೆಲದಿಂದ ಬೇರ್ಪಡಿಸಿ ಮಾರಲೂಬಹುದು. ಮಿನರಲ್ ಡೀಡ್ ಎಂದರೆ ನೆಲದಡಿಯ ಹಕ್ಕಿನ ಕ್ರಯ. ಲೀಸ್ ಎಂದರೆ ಕೊರೆಯಲು ಕೊಟ್ಟ ಗುತ್ತಿಗೆ. ಆ ಕಾಲದಲ್ಲಿ ಮಾಲೀಕರಿಗೆ ರೂಢಿಯಂತೆ ಉಳಿಯುತ್ತಿದ್ದುದು ಎಂಟರಲ್ಲಿ ಒಂದು ಪಾಲು. ರಾಯಲ್ಟಿ ಡೀಡ್ ಎಂದರೆ ಆ ಪಾಲಿನಲ್ಲಿ ಮತ್ತೊಂದು ತುಂಡಿನ ಮಾರಾಟ. ಒಂದು ಹೊಲಕ್ಕೆ ಮೇಲೆ ಒಬ್ಬ ಮಾಲೀಕ, ಕೆಳಗೆ ಮೂವತ್ತು ಜನ ಇರುವುದು ಇಲ್ಲಿ ವಿಶೇಷವೇನಲ್ಲ. ಜಗಳ ಬಿದ್ದಲ್ಲಿ ಕ್ಲರ್ಕ್ ಕಚೇರಿ ಸಾಲದು, ನ್ಯಾಯಾಲಯದ ದಾಖಲೆ ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿಯ ಮೊಕದ್ದಮೆ ಕಡತ ಬೇಕು. 1930ರ ಅಕ್ಟೋಬರ್‌ನಲ್ಲಿ ರಸ್ಕ್ ಕೌಂಟಿಯಲ್ಲಿ ‘ಡೈಸಿ ಬ್ರಾಡ್‌ಫರ್ಡ್ ನಂ. 3’ ಬಾವಿಯಿಂದ ಈ ತೈಲಕ್ಷೇತ್ರವನ್ನು ಕಂಡುಹಿಡಿದ ಸಿ. ಎಂ. ಜಾಯ್ನರ್ ಇರುವುದಕ್ಕಿಂತ ಹೆಚ್ಚು ಪಾಲು ಮಾರಿಕೊಂಡು ವ್ಯಾಜ್ಯಕ್ಕೆ ಸಿಕ್ಕಿದ್ದರು. ಆ ಇಕ್ಕಟ್ಟಿನಲ್ಲೇ ನವೆಂಬರ್‌ನಲ್ಲಿ ಜಾಯ್ನರ್ ಅವರ ಲೀಸ್‌ಗಳನ್ನು ತೈಲೋದ್ಯಮಿ ಎಚ್. ಎಲ್. ಹಂಟ್ ಕೊಂಡರು.

ಅಳತೆಯ ವಿಷಯ. ಟೆಕ್ಸಾಸ್‌ನ ಹಳೆಯ ಪತ್ರಗಳು ಸ್ಪೇನ್ ಕಾಲದ ‘ವಾರಾ’ದಲ್ಲಿ ಅಳೆಯುತ್ತವೆ. 1 ವಾರಾ = 33⅓ ಇಂಚು. 1,000 ವಾರಾ ಎಂದರೆ ಸುಮಾರು 2,778 ಅಡಿ. ಒಂದು ಎಕರೆಗೆ 5,645 ಚದರ ವಾರಾ. ಇದನ್ನು ಗಜ ಎಂದುಕೊಂಡು ನಕ್ಷೆ ಬರೆದರೆ ಬಾವಿ ಪಕ್ಕದವರ ಹಿತ್ತಲಿಗೆ ಬಂದು ಕೂರುತ್ತದೆ.

ಬಾವಿಯ ದಾಖಲೆ. ಟೆಕ್ಸಾಸ್‌ನಲ್ಲಿ ತೈಲವನ್ನು ನಿಯಂತ್ರಿಸುವುದು ರೈಲ್‌ರೋಡ್ ಕಮಿಷನ್. ರೈಲು ದರ ನೋಡಿಕೊಳ್ಳಲು 1891ರಲ್ಲಿ ಹುಟ್ಟಿದ ಸಂಸ್ಥೆ, ಹೆಸರು ಹಾಗೇ ಉಳಿದಿದೆ. ಅವರ ಆನ್‌ಲೈನ್ ನಕ್ಷೆಯಲ್ಲಿ ಬಾವಿಗಳನ್ನು ಎಪಿಐ ಸಂಖ್ಯೆಯಿಂದ (ಪ್ರತಿ ಬಾವಿಗೂ ಕೊಡುವ ಗುರುತಿನ ಸಂಖ್ಯೆ) ಹುಡುಕಬಹುದು: ಮೊದಲು 42 (ಟೆಕ್ಸಾಸ್), ಆಮೇಲೆ 183 ಇದ್ದರೆ ಗ್ರೆಗ್, 401 ಇದ್ದರೆ ರಸ್ಕ್. 1930ರ ದಶಕದಲ್ಲಿ ಈ ಸಂಖ್ಯೆಯ ಪದ್ಧತಿಯೇ ಇರಲಿಲ್ಲವಾದ್ದರಿಂದ ಹಳೆಯ ಬಾವಿಗಳನ್ನು ಲೀಸ್‌ನ ಹೆಸರು, ನಡೆಸಿದವರ ಹೆಸರಿನಿಂದಲೂ ಹುಡುಕಿ. ಬಾವಿಗೆ ಅಂಟಿದ ಹೆಸರು ಲೀಸ್ ಬರೆದುಕೊಟ್ಟವರದು. ಜಮೀನು ಮೂರು ಕೈ ಬದಲಾಗಿದ್ದರೂ ಅದೇ ಹೆಸರು ನಡೆಯುತ್ತದೆ.

ಇಲ್ಲಿ ಬಿಡಲೇಬಾರದ ಕಡತವೆಂದರೆ ‘ರೂಲ್ 37’ರ ವಿನಾಯಿತಿಗಳದು. ಬಾವಿಗಳ ನಡುವೆ ಇಂತಿಷ್ಟು ಅಂತರವಿರಲಿ ಎಂಬ ನಿಯಮ ಅದು. ಆದರೆ ಪಕ್ಕದ ಜಮೀನಿನಡಿಯಿಂದ ಹರಿದುಬಂದ ತೈಲವೂ ತನ್ನ ಬಾವಿಯಿಂದ ಎತ್ತಿದವರದೇ ಎಂಬುದು ಟೆಕ್ಸಾಸ್‌ನ ಕಾನೂನು. ಚಿಕ್ಕ ನಿವೇಶನದವರು ಕೊರೆಯದೆ ಕೂತರೆ ಅವರ ಪಾಲು ಪಕ್ಕದ ಬಾವಿಗೆ ಹರಿದುಹೋಗುತ್ತದೆ. ಹಾಗಾಗಿ ವಿನಾಯಿತಿ ಕೇಳಿದರು, ಸಿಕ್ಕಿತು. ಫಲವನ್ನು ಊರ ನಡುವೆ ಕಾಣಬಹುದು: ‘ಜಗತ್ತಿನ ಅತಿ ಶ್ರೀಮಂತ ಎಕರೆ’ ಎಂದು ಕರೆಯುವ ಸುಮಾರು 1.2 ಎಕರೆಯಲ್ಲಿ 24 ಬಾವಿಗಳಿದ್ದವು. ನಮ್ಮ ಲೆಕ್ಕದಲ್ಲಿ ಎರಡು ಗುಂಟೆಗೊಂದು. ಒಟ್ಟು 25 ಲಕ್ಷ ಬ್ಯಾರೆಲ್‌ಗೂ ಹೆಚ್ಚು ತೈಲ ಅಲ್ಲಿಂದ ಬಂತು. ಈಗ ಪೇಟೆಯಲ್ಲಿ ನಿಂತಿರುವ, ಕ್ರಿಸ್‌ಮಸ್‌ಗೆ ತುದಿಯಲ್ಲಿ ನಕ್ಷತ್ರ ಬೆಳಗುವ ಡೆರಿಕ್‌ಗಳಲ್ಲಿ (ಬಾವಿಯ ಮೇಲೆ ನಿಲ್ಲಿಸುವ ಗೋಪುರ) ಹೆಚ್ಚಿನವು ನಂತರ ಮರಳಿ ನಿಲ್ಲಿಸಿದವು. ಅವುಗಳ ಜಾಗ ನೋಡಿ 1930ರ ದಶಕದ ನಕ್ಷೆ ಬರೆಯಬೇಡಿ.

ಅಂಕಿಗಳ ಬಲೆ. ಮೂರು ಕಡೆ ಎಚ್ಚರ ಬೇಕು. ಮೊದಲನೆಯದು, ಪತ್ರಿಕೆಯಲ್ಲಿ ಬಂದ ‘ದಿನಕ್ಕೆ 22,000’ ಆರಂಭದ ಹರಿವು, ವರ್ಷವಿಡೀ ಬಂದ ಉತ್ಪಾದನೆಯಲ್ಲ. ಎರಡನೆಯದು, 1931ರಿಂದ 1935ರವರೆಗಿನ ಅಧಿಕೃತ ಉತ್ಪಾದನೆ ನಿಜಕ್ಕಿಂತ ಕಡಿಮೆ. ಬೆಲೆ ಕುಸಿದಾಗ ಕಮಿಷನ್ ಪ್ರತಿ ಬಾವಿಗೂ ಮಿತಿ ಹಾಕಿತು. ಜನ ರಾತ್ರೋರಾತ್ರಿ ಮಿತಿ ಮೀರಿ ಎತ್ತಿ ಸಾಗಿಸಿದರು. ಅದಕ್ಕೆ ‘ಹಾಟ್ ಆಯಿಲ್’ ಎಂದು ಹೆಸರು. 1931ರ ಆಗಸ್ಟ್‌ನಲ್ಲಿ ಗವರ್ನರ್ ರಾಸ್ ಸ್ಟರ್ಲಿಂಗ್ ಮಿಲಿಟರಿ ಕಾನೂನು ಹೇರಿ ರಾಜ್ಯದ ಸೇನಾಪಡೆಯಾದ ನ್ಯಾಷನಲ್ ಗಾರ್ಡ್ ಕಳಿಸಿ ಬಾವಿಗಳನ್ನು ಮುಚ್ಚಿಸಿದರು. ಕಳ್ಳಸಾಗಣೆಯನ್ನು ತಡೆಯಲು ಫೆಡರಲ್ ಕಾನೂನು ಬಂದದ್ದು 1935ರಲ್ಲಿ. ಲೆಕ್ಕದಿಂದ ತಪ್ಪಿಸಿಕೊಂಡ ತೈಲ ಲೆಕ್ಕದ ಪುಸ್ತಕದಲ್ಲಿ ಸಿಗುವುದಿಲ್ಲ, ಮೊಕದ್ದಮೆಗಳಲ್ಲಿ ಸಿಗುತ್ತದೆ.

ಮೂರನೆಯದು ಜನಸಂಖ್ಯೆ. ಕೆಲವು ನೂರರಿಂದ ಹತ್ತು ಸಾವಿರಕ್ಕೆ ಏರಿತು ಎಂಬುದು ಆಗಿನವರ ಅಂದಾಜು, ಗಣತಿಯಲ್ಲ. 1930ರ ಗಣತಿ ಏಪ್ರಿಲ್ 1ರ ಸ್ಥಿತಿ ಹೇಳುತ್ತದೆ, ಅಂದರೆ ತೈಲಕ್ಕೂ ಮೊದಲಿನದು. ನಗರಸಭೆ ಹುಟ್ಟಿದ್ದೇ 1931ರಲ್ಲಿ. ಆದ್ದರಿಂದ ಕೌಂಟಿಯ ಪ್ರಿಸಿಂಕ್ಟ್ (ಒಳವಿಭಾಗ) ಹಾಳೆಗಳನ್ನು ತಿರುವಬೇಕು. 1940ರ ಗಣತಿ ನಿಜವಾದ ನಿಧಿ: 1935ರ ಏಪ್ರಿಲ್ 1ರಂದು ಎಲ್ಲಿದ್ದಿರಿ ಎಂದು ಅದರಲ್ಲಿ ಕೇಳಿದ್ದಾರೆ. ಬೀದಿಬೀದಿ ಹಿಡಿದು ಆ ಕಾಲಮನ್ನು ಎತ್ತಿ ಬರೆದರೆ ಯಾರು ನಿಂತರು, ಯಾರು ಆಮೇಲೆ ಬಂದರು ಎಂಬುದು ಹೊರಬೀಳುತ್ತದೆ. ಗಣತಿ ಹಾಳೆಗಳು 72 ವರ್ಷಕ್ಕೆ ಬಿಡುಗಡೆಯಾಗುತ್ತವೆ. 1950ರದ್ದು ಈಗ ಲಭ್ಯ. ಕರಿಯರ ಶಾಲೆಗಳು ಆಗ ಬೇರೆಯೇ ಇದ್ದವು, ಬಿಳಿಯರ ಪತ್ರಿಕೆಗಳಲ್ಲಿ ಅವರ ಸುದ್ದಿ ಅಪರೂಪ. ಅವರ ಚರಿತ್ರೆಗೆ ಗಣತಿ ಹಾಳೆ, ಚರ್ಚ್ ಮತ್ತು ಶಾಲೆಯ ದಾಖಲೆಗಳನ್ನೇ ಆಧರಿಸಬೇಕು.

ಊರಾಡಳಿತ. ನಗರಸಭೆ ಶಾಲೆ ನಡೆಸುತ್ತದೆ ಎಂದುಕೊಳ್ಳಬೇಡಿ. ಶಾಲಾ ಜಿಲ್ಲೆ ಬೇರೆ ಸಂಸ್ಥೆ, ಅದಕ್ಕೆ ಬೇರೆ ಚುನಾವಣೆ, ಬೇರೆ ತೆರಿಗೆ. ಟೆಕ್ಸಾಸ್‌ನಲ್ಲಿ ನೆಲದಡಿಯ ತೈಲವೂ ಆಸ್ತಿ ತೆರಿಗೆಗೆ ಒಳಪಡುವುದರಿಂದ ಬೆಲೆ ಏರಿದರೆ ಶಾಲೆಗಳು ಏಳುತ್ತವೆ, ಬಿದ್ದರೆ ಬಜೆಟ್ ಒದ್ದಾಡುತ್ತದೆ. ಸಭೆಯ ನಡಾವಳಿ ಓದುವಾಗ ಆ ವರ್ಷದ ತೈಲ ಬೆಲೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕಿಲ್ಗೋರ್ ಕಾಲೇಜು ಹುಟ್ಟಿದ್ದು 1935ರಲ್ಲಿ. ಫುಟ್‌ಬಾಲ್ ಪಂದ್ಯದ ನಡುವಿನ ಬಿಡುವಿನಲ್ಲಿ ಕುಣಿಯುವ ಅದರ ರೇಂಜರೆಟ್ಸ್ ತಂಡವನ್ನು ಗಸ್ಸಿ ನೆಲ್ ಡೇವಿಸ್ 1940ರಲ್ಲಿ ಕಟ್ಟಿದರು.

ಹಣವಿದ್ದ ಶಾಲೆಯೂ ಖರ್ಚು ಹಿಡಿಯಲು ಹೋಗಿ ಏನಾಯಿತು ಎಂಬುದಕ್ಕೆ ಹತ್ತಿರದ ನ್ಯೂ ಲಂಡನ್‌ನ ದಾಖಲೆ ಓದಿ. ತೈಲದ ಜೊತೆ ಬಂದು ವ್ಯರ್ಥವಾಗುತ್ತಿದ್ದ ಅನಿಲದ ಕೊಳವೆಗೆ ಶಾಲೆ ಸಂಪರ್ಕ ಮಾಡಿಕೊಂಡಿತ್ತು. ವಾಸನೆಯಿಲ್ಲದ ಅನಿಲ ಶಾಲೆಯ ಕಟ್ಟಡದಡಿ ತುಂಬಿದ್ದು ಯಾರಿಗೂ ತಿಳಿಯಲಿಲ್ಲ. 1937ರ ಮಾರ್ಚ್ 18ರ ಮಧ್ಯಾಹ್ನ ಸ್ಫೋಟಿಸಿ ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ಕೆಟ್ಟ ವಾಸನೆ ಬೆರೆಸಬೇಕೆಂಬ ಟೆಕ್ಸಾಸ್ ಕಾನೂನು ಆಮೇಲೆ ಬಂತು. ಸತ್ತವರ ಸಂಖ್ಯೆ ಮೂಲದಿಂದ ಮೂಲಕ್ಕೆ ಬದಲಾಗುತ್ತದೆ. ಯಾವ ಪಟ್ಟಿಯಿಂದ ತೆಗೆದುಕೊಂಡಿರಿ ಎಂದು ಜೊತೆಗೇ ಬರೆಯಿರಿ.

ನಡಾವಳಿ ಆನ್‌ಲೈನ್‌ನಲ್ಲಿ ಸಿಗದಿದ್ದರೆ ನಮ್ಮ ಮಾಹಿತಿ ಹಕ್ಕು ಕಾಯ್ದೆಯಂಥ ಟೆಕ್ಸಾಸ್ ಪಬ್ಲಿಕ್ ಇನ್ಫರ್ಮೇಷನ್ ಆಕ್ಟ್ ಅಡಿ ಲಿಖಿತವಾಗಿ ಕೇಳಬಹುದು, ಕಾರಣ ಹೇಳಬೇಕಿಲ್ಲ. ‘ತೈಲದ ಬಗ್ಗೆ ಇರುವುದೆಲ್ಲ’ ಎಂದು ಕೇಳಿದರೆ ದೊಡ್ಡ ಶುಲ್ಕದ ಅಂದಾಜು ಬರುತ್ತದೆ. ‘1931ರ ಮೊದಲ ಆರು ತಿಂಗಳ ಸಭಾ ನಡಾವಳಿ, ಕೊರೆತದ ಪರವಾನಗಿ ಕುರಿತ ನಗರಸಭೆಯ ಕಟ್ಟಳೆಗಳು’ ಎಂದು ಕಿರಿದಾಗಿ ಕೇಳಿ, ಪ್ರತಿಗೆ ಬದಲು ಅಲ್ಲೇ ಕೂತು ನೋಡಲು ಅವಕಾಶ ಕೋರಿ.