ಮಗು ಬಿದ್ದು ತಲೆಗೆ ಪೆಟ್ಟಾಗಿದೆ: ಮುಂದಿನ ಎರಡು ದಿನದ ಆತಂಕವನ್ನು ನಿಭಾಯಿಸುವ ಬಗೆ

ಪಕ್ಕದ ಕೋಣೆಯಿಂದ ‘ದಬ್’ ಅಂತ ಸದ್ದು, ಹಿಂದೆಯೇ ಅಳು. ಓಡಿ ಹೋಗಿ ಎತ್ತಿಕೊಳ್ಳುವಷ್ಟರಲ್ಲಿ ನಿಮ್ಮ ಕೈಕಾಲು ನಡುಗುತ್ತಿರುತ್ತದೆ, ಬಾಯಿ ಒಣಗಿರುತ್ತದೆ. ಈ ನಡುಕ ಇಳಿಯಲು ಸಮಯ ಬೇಕು. ಮಗುವನ್ನು ನೋಡಬೇಕಾದದ್ದು ಮಾತ್ರ ಮೊದಲ ಎರಡು ನಿಮಿಷದಲ್ಲೇ. ಧೈರ್ಯ ಬರಲಿ ಅಂತ ಕಾಯಬೇಡಿ, ನಡುಗುವ ಕೈಯಲ್ಲೇ ನೋಡಿ. ‘ಏನೂ ಆಗಲ್ಲ, ಸಮಾಧಾನ ಮಾಡ್ಕೊ’ ಅಂದರೆ ಯಾವ ತಾಯಿಗೂ ಸಮಾಧಾನ ಬರುವುದಿಲ್ಲ. ಏನನ್ನು ನೋಡಬೇಕು, ಯಾವಾಗ ನೋಡಬೇಕು, ಯಾವಾಗ ನೋಡುವುದನ್ನು ನಿಲ್ಲಿಸಬೇಕು ಎಂದು ಗೊತ್ತಾದರೆ ಬರುತ್ತದೆ.

ಮೊದಲ ಎರಡು ನಿಮಿಷ

ಮಹಡಿಯಿಂದಲೋ ತಾರಸಿಯಿಂದಲೋ ಬಿದ್ದಿದ್ದರೆ, ಇಲ್ಲವೇ ಮಗು ಅಲುಗಾಡದೆ ಮಲಗಿದ್ದರೆ, ಎತ್ತಬೇಡಿ. ಕುತ್ತಿಗೆ ಅಲುಗದ ಹಾಗೆ ತಲೆಯನ್ನು ಎರಡೂ ಕಡೆ ಕೈಯಿಂದ ಹಿಡಿದುಕೊಂಡು, ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ. ಉಸಿರಾಟ ನಿಂತಿದ್ದರೆ ಕುತ್ತಿಗೆಗಿಂತ ಉಸಿರೇ ಮುಖ್ಯ. ಫೋನನ್ನು ಸ್ಪೀಕರಿಗೆ ಹಾಕಿ, 108ರವರು ಹೇಳಿದ ಹಾಗೆ ಮಾಡಿ.

ತಕ್ಷಣ ಜೋರಾಗಿ ಅತ್ತರೆ ಒಳ್ಳೆಯ ಸೂಚನೆ. ಎತ್ತಿ ಎದೆಗೆ ಒರಗಿಸಿಕೊಳ್ಳಿ. ನೀವು ಕೂಗಾಡಿದರೆ ಮಗು ನಿಮ್ಮ ಮುಖ ನೋಡಿ ಇನ್ನಷ್ಟು ಹೆದರುತ್ತದೆ. ಆಗ ಈ ಅಳು ನೋವಿನದೋ ಹೆದರಿಕೆಯದೋ ಎಂದು ಗೊತ್ತೇ ಆಗುವುದಿಲ್ಲ. ಕೈ ತೀರಾ ನಡುಗುತ್ತಿದ್ದರೆ ಮನೆಯಲ್ಲಿ ಯಾರು ಶಾಂತವಾಗಿದ್ದಾರೋ ಅವರ ಕೈಗೆ ಕೊಟ್ಟು, ಒಂದು ಲೋಟ ನೀರು ಕುಡಿದು, ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಐದಾರು ಸಲ ಹೊರಗೆ ಬಿಡಿ.

ರಕ್ತ ಬಂದಿದ್ದರೆ ಗಾಬರಿ ದುಪ್ಪಟ್ಟಾಗುತ್ತದೆ. ತಲೆಯ ಚರ್ಮದಲ್ಲಿ ರಕ್ತನಾಳಗಳು ಹೆಚ್ಚು. ಹಾಗಾಗಿ ಅರ್ಧ ಇಂಚಿನ ಗಾಯವೂ ಟವೆಲ್ ತೋಯಿಸುತ್ತದೆ. ರಕ್ತ ಎಷ್ಟು ಬಂತು ಎನ್ನುವುದರಿಂದ ಮೆದುಳಿಗೆ ಪೆಟ್ಟಾಗಿದೆಯೇ ಎಂದು ತಿಳಿಯುವುದಿಲ್ಲ. ಒಗೆದ ಬಟ್ಟೆಯನ್ನು ಮಡಿಸಿ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ಎತ್ತಿ ಎತ್ತಿ ನೋಡಬೇಡಿ. ಎತ್ತಿದಾಗಲೆಲ್ಲ ಹೆಪ್ಪುಗಟ್ಟುತ್ತಿದ್ದ ರಕ್ತ ಮತ್ತೆ ಬಿಚ್ಚಿಕೊಳ್ಳುತ್ತದೆ. ಗಾಯ ಬಾಯಿಬಿಟ್ಟಿದ್ದರೆ ಹೊಲಿಗೆ ಬೇಕು. ಒಳಗೆ ಮೂಳೆ ತಗ್ಗಾದ ಹಾಗೆ ಕೈಗೆ ಸಿಕ್ಕರೆ ಒತ್ತಬೇಡಿ, ಬಟ್ಟೆ ಮುಚ್ಚಿ ಹೊರಡಿ. ಗಾಯಕ್ಕೆ ಕಾಫಿಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ. ಹೊಲಿಗೆ ಹಾಕುವ ಮೊದಲು ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವೂ ಮಗುವಿಗೇ.

ಬುಗುಟೆ ಎದ್ದಿದ್ದರೆ ಐಸನ್ನು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಐಸ್ ಇಲ್ಲದಿದ್ದರೆ ತಣ್ಣೀರಲ್ಲಿ ಹಿಂಡಿದ ಬಟ್ಟೆ ಸಾಕು. ಊದಿದ ಜಾಗವನ್ನು ಬೆರಳಿನಿಂದ ತಿಕ್ಕಿ ‘ಕೂರಿಸುವ’ ರೂಢಿ ನಮ್ಮಲ್ಲಿ ಬಹಳ. ತಿಕ್ಕಿದರೆ ಒಳಗೆ ರಕ್ತ ಇನ್ನಷ್ಟು ಹರಡುತ್ತದೆ. ಅಜ್ಜಿ ದೃಷ್ಟಿ ತೆಗೆಯುತ್ತೇನೆ ಅಂದರೆ ತೆಗೆಯಲಿ, ಅದರಿಂದ ಅವರ ಮನಸ್ಸಿಗೂ ನೆಮ್ಮದಿ. ಆದರೆ ಆಸ್ಪತ್ರೆಗೆ ಹೊರಡುವುದು ಅದಕ್ಕಾಗಿ ಒಂದು ನಿಮಿಷವೂ ತಡವಾಗಬಾರದು.

ಯೋಚನೆ ಮಾಡದೆ ಹೊರಡಬೇಕಾದ ಸಂದರ್ಭಗಳು

ಕೆಲವು ಲಕ್ಷಣ ಕಂಡರೆ ‘ಇನ್ನೊಂದು ಗಂಟೆ ನೋಡೋಣ’ ಎನ್ನುವ ಮಾತೇ ಇಲ್ಲ. ಕೆಲವು ಸೆಕೆಂಡಾದರೂ ಎಚ್ಚರ ತಪ್ಪಿದ್ದು, ಫಿಟ್ಸ್ ಬಂದದ್ದು, ಎರಡನೇ ಸಲ ವಾಂತಿಯಾದದ್ದು, ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥ ದ್ರವ ಅಥವಾ ರಕ್ತ ಸೋರುವುದು, ಕಿವಿಯ ಹಿಂದೆ ನೀಲಿಗಟ್ಟುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಒಂದು ಕೈ ಅಥವಾ ಕಾಲನ್ನು ಕಡಿಮೆ ಆಡಿಸುವುದು, ನಡೆಯುತ್ತಿದ್ದ ಮಗು ತೂರಾಡುವುದು, ಯಾರು ಎತ್ತಿಕೊಂಡರೂ ನಿಲ್ಲದ ಕೀರಲು ಅಳು, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದ ಮಂಪರು. ಕೂಸು ಅಳದೆ ನೆಟ್ಟಗಿರುವಾಗಲೂ ನೆತ್ತಿಯ ಸುಳಿ (ಮೂಳೆ ಇನ್ನೂ ಕೂಡದ ಮೆತ್ತನೆ ಜಾಗ) ಉಬ್ಬಿ ಬಿಗಿಯಾಗಿದ್ದರೆ ಅದೂ ಅಷ್ಟೇ ಗಂಭೀರ.

ಕೆಲವು ಮಕ್ಕಳು ಬಿದ್ದ ನೋವಿಗೆ ಅಳುತ್ತ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಒಂದು ಗಳಿಗೆ ಸೆಟೆದುಕೊಳ್ಳುತ್ತವೆ. ಅದು ಬರೀ ಅಳುವಿನಿಂದ ಆದದ್ದೂ ಇರಬಹುದು. ಮನೆಯಲ್ಲಿ ಕೂತು ಅದನ್ನು ಫಿಟ್ಸಿನಿಂದ ಬೇರ್ಪಡಿಸಲು ಹೋಗಬೇಡಿ, ತೋರಿಸಿ. ನಿಜವಾಗಿ ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಅಷ್ಟೆ. ಬಾಯಿಗೆ ನೀರು, ಚಮಚ, ಬೆರಳು ಯಾವುದೂ ಹೋಗಬಾರದು. ಕೈಗೆ ಕಬ್ಬಿಣ ಕೊಟ್ಟು, ಈರುಳ್ಳಿ ಮೂಸಿಸಿ ಪ್ರಯೋಜನವಿಲ್ಲ.

ಲಕ್ಷಣ ಏನೂ ಇಲ್ಲದಿದ್ದರೂ ತೋರಿಸಬೇಕಾದವರಿದ್ದಾರೆ. ಆರು ತಿಂಗಳೊಳಗಿನ ಕೂಸಾದರೆ ಕೂಡಲೇ, ಒಂದು ವರ್ಷದೊಳಗಿನದಾದರೆ ಅದೇ ದಿನ. ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ ಎತ್ತರದಿಂದ ಬಿದ್ದರೆ, ಅದಕ್ಕಿಂತ ದೊಡ್ಡ ಮಗು ಐದು ಅಡಿಗಿಂತ ಎತ್ತರದಿಂದ ಬಿದ್ದರೆ ತೋರಿಸಲೇಬೇಕು. ಮಂಚ, ದಿವಾನ ಸಾಮಾನ್ಯವಾಗಿ ಒಂದೂವರೆ ಎರಡು ಅಡಿ. ಅಡುಗೆ ಕಟ್ಟೆ ಮೂರು ಅಡಿಯ ಹತ್ತಿರ ಬರುತ್ತದೆ. ಎತ್ತಿಕೊಂಡಿದ್ದವರ ಹೆಗಲಿಂದ ಜಾರಿದ್ದರೆ ನಾಲ್ಕು ಅಡಿ ದಾಟುತ್ತದೆ, ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಾಕರ್ ಸಮೇತ ಮೆಟ್ಟಿಲಿಂದ ಉರುಳಿದ್ದನ್ನೂ, ಯಾರೂ ನೋಡದಿರುವಾಗ ಬಿದ್ದದ್ದನ್ನೂ ಎತ್ತರದಿಂದ ಬಿದ್ದಂತೆಯೇ ಎಣಿಸಿ. ಹಣೆಯ ಬುಗುಟೆಗಿಂತ ತಲೆಯ ಪಕ್ಕದಲ್ಲಿ ಅಥವಾ ಹಿಂದೆ, ಒತ್ತಿದರೆ ಮೆತ್ತಗೆ ನಾದಿದ ಹಿಟ್ಟಿನ ಹಾಗಿರುವ ಊತ ಹೆಚ್ಚು ಅನುಮಾನದ್ದು. ಪುಟ್ಟ ಮಕ್ಕಳಲ್ಲಿ ಅದು ಮೂಳೆ ಬಿರುಕಿನ ಗುರುತಾಗಿರಬಹುದು. ಬಿದ್ದ ಹಲವು ಗಂಟೆಗಳ ಮೇಲೂ ಅದು ಏಳಬಹುದು. ಆದ್ದರಿಂದ ಮಲಗಿಸುವ ಮುನ್ನ ಒಂದು ಸಲ, ಮರುದಿನ ಬೆಳಿಗ್ಗೆ ಒಂದು ಸಲ ತಲೆಯನ್ನೆಲ್ಲ ಅಂಗೈಯಿಂದ ಹಗುರಾಗಿ ಸವರಿ ನೋಡಿ.

ಮನೆಯಲ್ಲೇ ನೋಡಿಕೊಳ್ಳುವುದಾದರೆ ಒಂದು ಹಾಳೆ ತೆಗೆದುಕೊಳ್ಳಿ

‘ಮನೆಯಲ್ಲೇ ನೋಡ್ಕೊಳ್ಳಿ’ ಎಂದು ಡಾಕ್ಟರು ಕಳಿಸಿದ ಮೇಲೆ ನಿಜವಾದ ಆತಂಕ ಶುರುವಾಗುವುದು. ಅದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ, ಕಾಗದಕ್ಕೆ ಇಳಿಸಿ. ಹಳೆ ನೋಟ್‌ಬುಕ್ಕಿನ ಒಂದು ಹಾಳೆ ಸಾಕು, ಹೀಗೆ ಬರೆಯಿರಿ:

ಸಂಜೆ 6.40: ಮಂಚದಿಂದ ಬಿದ್ದ, ಒಂದೂವರೆ ಅಡಿ, ಟೈಲ್ಸ್ ಮೇಲೆ. ತಕ್ಷಣ ಅತ್ತ. ಹಣೆಯ ಬಲಕ್ಕೆ ಬೋರೆಹಣ್ಣಿನಷ್ಟು ಬುಗುಟೆ.
7.05: ಎದೆಹಾಲು ಕುಡಿದ.
7.20: ಒಮ್ಮೆ ಕಕ್ಕಿದ, ಬರೀ ಹಾಲು.
7.45: ಅಣ್ಣನ ಚೆಂಡು ಕಿತ್ತುಕೊಂಡ.

ಕೊನೆಯ ಸಾಲು ಉಳಿದ ಮೂರಕ್ಕಿಂತ ದೊಡ್ಡ ಮಾಹಿತಿ. ಮಗು ಎಂದಿನ ಮಗುವಾಗಿಯೇ ಇದೆಯೇ ಎನ್ನುವುದು ವೈದ್ಯರ ಪಟ್ಟಿಯಲ್ಲೂ ಇರುವ ಪ್ರಶ್ನೆ, ಅದಕ್ಕೆ ಉತ್ತರ ಹೇಳಬಲ್ಲವರು ನೀವು ಮಾತ್ರ. ಒಂದೇ ಸಲದ ವಾಂತಿ ಹೊಟ್ಟೆ ತುಂಬಾ ಹಾಲು ಕುಡಿದು ಅತ್ತದ್ದಕ್ಕೂ ಆಗುತ್ತದೆ. ಅದಕ್ಕೇ ಎಣಿಸಬೇಕು, ಬರೆಯಬೇಕು. ರಾತ್ರಿ ಹನ್ನೊಂದಕ್ಕೆ ‘ಒಂದು ಸಲ ಆಯ್ತೋ ಎರಡೋ’ ಎಂದು ಗಂಡ ಹೆಂಡತಿ ವಾದ ಮಾಡುವ ಹಾಗಾಗಬಾರದು.

ಬಿದ್ದ ಮೊದಲ ನಾಲ್ಕರಿಂದ ಆರು ಗಂಟೆ ಮುಖ್ಯ. ಆಸ್ಪತ್ರೆಯಲ್ಲೂ ಅನುಮಾನವಿದ್ದ ಮಗುವನ್ನು ಸುಮಾರು ಇಷ್ಟೇ ಹೊತ್ತು ಇಟ್ಟುಕೊಂಡು ನೋಡುತ್ತಾರೆ. ಈ ಅವಧಿಯಲ್ಲಿ ಅರ್ಧ ಗಂಟೆಗೊಮ್ಮೆ ಹಾಳೆಯ ಮೇಲೆ ಒಂದು ಸಾಲು ಬರೆಯಿರಿ. ಆಮೇಲೆ 24 ಗಂಟೆಯವರೆಗೆ ಊಟ, ನಿದ್ದೆ, ವಾಂತಿ ಮಾತ್ರ ಬರೆದರೆ ಸಾಕು. 48 ಗಂಟೆಗೆ ಹಾಳೆ ಮುಗಿಯಿತು.

ಮೊಬೈಲ್ ಟಾರ್ಚನ್ನು ಗಳಿಗೆಗೊಮ್ಮೆ ಕಣ್ಣಿಗೆ ಬಿಡಬೇಡಿ. ಮಗು ಕಣ್ಣು ಮುಚ್ಚುತ್ತದೆ, ಅರ್ಧಂಬರ್ಧ ಕಂಡು ನಿಮಗೆ ಭಯವಾಗುತ್ತದೆ. ಕಿಟಕಿಯ ಬೆಳಕಲ್ಲೋ ಟ್ಯೂಬ್‌ಲೈಟಿನಲ್ಲೋ ಎರಡೂ ಪಾಪೆ ಒಂದೇ ಅಳತೆಯಲ್ಲಿ ಕಂಡರೆ ಸಾಕು.

ನೋವಿಗೆ ಪ್ಯಾರಸಿಟಮಾಲ್ ಕೊಡಬಹುದು. ಲೆಕ್ಕ ವಯಸ್ಸಿನದಲ್ಲ, ತೂಕದ್ದು: ಕಿಲೋಗೆ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ. 5 ಮಿಲಿಯಲ್ಲಿ 250 ಮಿಲಿಗ್ರಾಂ ಎಂದು ಬರೆದಿರುವ ಸಿರಪ್ ಆದರೆ 3 ಮಿಲಿ, 120 ಎಂದಿದ್ದರೆ 6 ಮಿಲಿ. 1 ಮಿಲಿಯಲ್ಲೇ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲಿ. ತಪ್ಪಾಗುವುದು ಇಲ್ಲೇ. ಡ್ರಾಪ್ಸನ್ನು ಸಿರಪ್ಪಿನ ಅಳತೆಯಲ್ಲಿ ಕುಡಿಸಿದರೆ ಪ್ರಮಾಣ ಹಲವು ಪಟ್ಟಾಗುತ್ತದೆ. ಆರು ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕು ಸಲ ಮೀರದಿರಲಿ. ಮೂರು ತಿಂಗಳೊಳಗಿನ ಕೂಸಿಗೆ ಡಾಕ್ಟರನ್ನು ಕೇಳದೆ ಬೇಡ. ಆಸ್ಪಿರಿನ್ ಕೊಡಲೇಬಾರದು. ಐಬುಪ್ರೊಫೆನನ್ನೂ ಡಾಕ್ಟರು ಹೇಳದೆ ಕೊಡಬೇಡಿ. ಮನೆಯಲ್ಲಿರುವ ನೆಗಡಿ ಸಿರಪ್ ಮತ್ತು ವಾಂತಿ ನಿಲ್ಲಿಸುವ ಔಷಧಿಯನ್ನು ಈ ಎರಡು ದಿನ ಕಪಾಟಿನಲ್ಲೇ ಇಡಿ. ಮೊದಲನೆಯದು ಮಗುವಿಗೆ ಮಂಪರು ತರುತ್ತದೆ, ಎರಡನೆಯದು ವಾಂತಿಯನ್ನು ಮರೆಮಾಚುತ್ತದೆ. ನೀವು ಕಾಯುತ್ತಿರುವುದೇ ಆ ಎರಡು ಲಕ್ಷಣಕ್ಕೆ.

ಮಲಗಿಸಬಹುದೇ?

ಮಲಗಿಸಬಹುದು. ‘ತಲೆಗೆ ಪೆಟ್ಟಾದ ಮಗುವನ್ನು ನಿದ್ದೆ ಮಾಡಲು ಬಿಡಬಾರದು’ ಎಂಬ ನಂಬಿಕೆ ಊರೂರಲ್ಲೂ ಇದೆ. ನಿದ್ದೆಯಿಂದ ಮೆದುಳಿಗೆ ಏನೂ ಆಗುವುದಿಲ್ಲ. ನಿದ್ದೆಯಲ್ಲಿದ್ದಾಗ ಎಚ್ಚರ ತಪ್ಪಿದ್ದು ನಮಗೆ ಗೊತ್ತಾಗದೇ ಹೋಗಬಹುದು ಎನ್ನುವುದಷ್ಟೇ ಅದರ ಹಿಂದಿನ ಭಯ. ಅತ್ತು ಸುಸ್ತಾದ ಮಗುವನ್ನು ಬಲವಂತವಾಗಿ ಎಚ್ಚರ ಇಟ್ಟರೆ ಅದು ರಚ್ಚೆ ಹಿಡಿಯುತ್ತದೆ, ಆ ರಚ್ಚೆಯನ್ನು ನೋಡಿ ನೀವು ಇನ್ನಷ್ಟು ಹೆದರುತ್ತೀರಿ.

ಮೊದಲ ಆರು ಗಂಟೆಯೊಳಗೆ ಮಲಗಿದರೆ ಗಂಟೆಗೊಮ್ಮೆ ನೋಡಿ. ರಾತ್ರಿಗೆ ಮೂರು ಗಂಟೆಗೊಮ್ಮೆ ಅಲಾರಂ ಇಡಿ: 11, 2, 5. ಅಮ್ಮ ಒಂದು ಸಲ, ಅಪ್ಪ ಒಂದು ಸಲ ಎಂದು ಮೊದಲೇ ಹಂಚಿಕೊಳ್ಳಿ. ಪೂರ್ತಿ ಎಬ್ಬಿಸಿ ಕೂರಿಸಬೇಕಿಲ್ಲ. ಕೆನ್ನೆ ಅಥವಾ ಅಂಗಾಲು ಸವರಿ. ಮುಖ ಸಿಂಡರಿಸಿ, ನಿಮ್ಮ ಕೈ ತಳ್ಳಿ, ಮಗ್ಗುಲು ಬದಲಿಸಿದರೆ ಅಥವಾ ಎದೆ ಹುಡುಕಿದರೆ ಸರಿ. ಉಸಿರು ಒಂದೇ ಲಯದಲ್ಲಿರಬೇಕು, ತುಟಿಯ ಬಣ್ಣ ಎಂದಿನಂತಿರಬೇಕು. ಎಂದಿನ ನಿದ್ದೆಯಲ್ಲಿ ಇಷ್ಟಕ್ಕೆ ಅಲುಗಾಡುವ ಮಗು ಇವತ್ತು ಅಲುಗಾಡದಿದ್ದರೆ ದೀಪ ಹಾಕಿ, ಎತ್ತಿ ಕೂರಿಸಿ, ಹೆಸರು ಹಿಡಿದು ಕರೆಯಿರಿ. ಆಗಲೂ ಕಣ್ಣು ಬಿಡದಿದ್ದರೆ 108. ಎರಡು ಅಲಾರಂ ನಡುವೆ ನೀವು ಮಲಗಲೇಬೇಕು. ರಾತ್ರಿಯಿಡೀ ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತ ಕೂತವರಿಗೆ ಬೆಳಗಿನ ಜಾವದಲ್ಲಿ ಎಲ್ಲವೂ ಲಕ್ಷಣವಾಗಿಯೇ ಕಾಣುತ್ತದೆ.

‘ಸ್ಕ್ಯಾನ್ ಯಾಕೆ ಮಾಡಲಿಲ್ಲ?’

ಸಿ.ಟಿ. ಸ್ಕ್ಯಾನ್ ಮಾಡಿಸಿಬಿಟ್ಟರೆ ನೆಮ್ಮದಿ ಎಂದು ಅನಿಸುವುದು ಸಹಜ. 2009ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಒಂದು ದೊಡ್ಡ ಅಧ್ಯಯನ, ತಲೆಗೆ ಪೆಟ್ಟಾಗಿ ತುರ್ತು ವಿಭಾಗಕ್ಕೆ ಬಂದ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿತು. ಬಂದಾಗ ಎಚ್ಚರವಾಗಿದ್ದ ಆ ಮಕ್ಕಳಲ್ಲಿ ಮೆದುಳಿಗೆ ಗಂಭೀರ ಪೆಟ್ಟಾದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಯಾರಿಗೆ ಸ್ಕ್ಯಾನ್ ಬೇಡ ಎಂದು ತೀರ್ಮಾನಿಸುವ ನಿಯಮಗಳು ಬಂದದ್ದು ಅಲ್ಲಿಂದ. ಮೇಲೆ ಹೇಳಿದ ಮೂರು ಅಡಿ, ಐದು ಅಡಿಯ ಲೆಕ್ಕವೂ ಅದರದೇ. ಬೆಳೆಯುವ ಮೆದುಳಿಗೆ ಸ್ಕ್ಯಾನಿನ ವಿಕಿರಣದಿಂದ ಸಣ್ಣದಾದರೂ ಅಪಾಯವಿದೆ, ಪುಟ್ಟ ಮಕ್ಕಳಿಗೆ ಕೆಲವೊಮ್ಮೆ ಮಂಪರು ಔಷಧಿಯನ್ನೂ ಕೊಡಬೇಕಾಗುತ್ತದೆ. ಆದ್ದರಿಂದ ಸ್ಕ್ಯಾನ್ ಬೇಡ ಎಂದ ಡಾಕ್ಟರು ಉದಾಸೀನ ಮಾಡಿದರೆಂದು ತಿಳಿಯಬೇಡಿ. ‘ಏನು ಕಂಡರೆ ವಾಪಸ್ ಬರಬೇಕು? ರಾತ್ರಿ ಬರಬೇಕಾದರೆ ಎಲ್ಲಿಗೆ? ಎಷ್ಟು ದಿನ ಆಟ ಬೇಡ?’ ಎಂದು ಕೇಳಿ, ಉತ್ತರವನ್ನು ಅದೇ ಹಾಳೆಯ ಹಿಂದೆ ಬರೆದುಕೊಳ್ಳಿ.

ಮರುದಿನ ಬೆಳಿಗ್ಗೆ ಹಣೆಯ ಬುಗುಟೆ ಇಳಿದು, ಕಣ್ಣಿನ ಸುತ್ತ ಊದಿ ನೇರಳೆ ಬಣ್ಣಕ್ಕೆ ತಿರುಗಿರಬಹುದು. ಹಣೆಯಲ್ಲಿದ್ದ ರಕ್ತವೇ ಚರ್ಮದಡಿ ಕೆಳಗಿಳಿದದ್ದು. ಮುಂದೆ ಹಸಿರು, ಹಳದಿಯಾಗಿ ಮಾಯುತ್ತದೆ. ಹಣೆಗೆ ಪೆಟ್ಟೇ ಆಗದೆ ಎರಡೂ ಕಣ್ಣಿನ ಸುತ್ತ ಕಪ್ಪಾದರೆ ಮಾತ್ರ ಕೂಡಲೇ ತೋರಿಸಬೇಕು.

ಬೈಗುಳ ಬೇಡ ಎನ್ನುವುದಕ್ಕೆ ಕಾರಣವಿದೆ

ಇಂಥ ಸಂಜೆಗಳಲ್ಲಿ ಮನೆಯೊಳಗೆ ಮೊದಲು ಕೇಳುವ ಮಾತು ‘ನೀನೆಲ್ಲಿದ್ದೆ?’ ಎಂದು. ಅತ್ತೆ ಸೊಸೆಗೆ, ಗಂಡ ಹೆಂಡತಿಗೆ, ಎಲ್ಲರೂ ಸೇರಿ ಮಗು ನೋಡಿಕೊಳ್ಳುವ ಹುಡುಗಿಗೆ. ಬೈಸಿಕೊಂಡವರು ಎತ್ತರವನ್ನು ಕಡಿಮೆ ಮಾಡಿ ಹೇಳುತ್ತಾರೆ, ಎಚ್ಚರ ತಪ್ಪಿದ್ದನ್ನು ನುಂಗಿಕೊಳ್ಳುತ್ತಾರೆ. ಸ್ಕ್ಯಾನ್ ಬೇಕೋ ಬೇಡವೋ ಎಂದು ಡಾಕ್ಟರು ತೀರ್ಮಾನಿಸುವುದು ಅದೇ ಮಾಹಿತಿಯ ಮೇಲೆ. ಆದ್ದರಿಂದ ನೋಡಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ನಿನ್ನ ತಪ್ಪು ಅಂತಲ್ಲ, ಎಲ್ಲಿಂದ ಬಿತ್ತು, ತಕ್ಷಣ ಅತ್ತಿತಾ?’ ಎಂದು ಕೇಳಿ. ಯಾರಾದರೂ ಕೈಮಾಡಿದ್ದರೆ, ಜೋರಾಗಿ ಅಲುಗಾಡಿಸಿದ್ದರೆ ಅದನ್ನೂ ಡಾಕ್ಟರಿಗೆ ಹೇಳಲೇಬೇಕು.

ತಪ್ಪಿತಸ್ಥ ಭಾವ ಅಮ್ಮಂದಿರನ್ನೇ ಹೆಚ್ಚು ಕಾಡುತ್ತದೆ. ನಿನ್ನೆಯವರೆಗೆ ಮಗುಚಲು ಬಾರದ ಕೂಸು ಇವತ್ತು ಮಗುಚುತ್ತದೆ, ಆ ಮೊದಲ ಸಲ ಯಾವಾಗ ಎಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಮರುದಿನ ಇಡೀ ಮನೆಗೆ ಸ್ಪಂಜು ಸುತ್ತಲು ಹೋಗಬೇಡಿ. ಮಗು ಎಲ್ಲಿಂದ ಬಿತ್ತೋ ಅದೊಂದನ್ನು ಸರಿಮಾಡಿ: ಹಾಸಿಗೆಯನ್ನು ನೆಲಕ್ಕೆ ಇಳಿಸಿ, ಮೆಟ್ಟಿಲಿಗೆ ಗೇಟು ಹಾಕಿಸಿ, ವಾಕರನ್ನು ಮನೆಯಿಂದ ಆಚೆ ಕಳಿಸಿ. ಕೆನಡಾ 2004ರಲ್ಲೇ ವಾಕರ್ ಮಾರಾಟವನ್ನು ನಿಷೇಧಿಸಿದೆ.

48 ಗಂಟೆ ಕಳೆದು ಮಗು ಉಂಡು, ಆಡಿ, ಮಲಗುತ್ತಿದ್ದರೆ ಅಲಾರಂ ತೆಗೆಯಿರಿ. ಮುಂದಿನ ಎರಡು ವಾರದಲ್ಲಿ ತಲೆನೋವು, ವಾಂತಿ, ಮಂಕು ಹೊಸದಾಗಿ ಶುರುವಾದರೆ ಮಾತ್ರ ಮತ್ತೆ ತೋರಿಸಿ. ಮಗು ಆಡುತ್ತಿದ್ದರೂ ನಿಮಗೆ ಆ ಸದ್ದು ಮತ್ತೆ ಮತ್ತೆ ಕೇಳಿಸುವುದು, ನಿದ್ದೆ ಬಾರದಿರುವುದು, ಮಗುವನ್ನು ಕೆಳಗೆ ಬಿಡಲೇ ಕೈ ಬಾರದಿರುವುದು ಎರಡು ವಾರ ದಾಟಿದರೆ, ಅದಕ್ಕೂ ಆರೈಕೆ ಬೇಕು. ಹೆರಿಗೆಯಾಗಿ ವರ್ಷ ತುಂಬದ ಅಮ್ಮಂದಿರು ಅಷ್ಟು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.