ದುಬಾರಿ ಪವರ್ ಕೇಬಲ್ ಕೊಳ್ಳುವ ಮುನ್ನ

ಆಂಪ್ಲಿಫೈಯರ್ ಜೊತೆ ಬಂದ ಕಪ್ಪು ಪವರ್ ಕೇಬಲ್ ತೆಗೆದು, ಹೆಬ್ಬೆರಳು ದಪ್ಪದ ಹೆಣೆದ ಕೇಬಲ್ ಹಾಕಿದರೆ ಸಂಗೀತ ಇನ್ನಷ್ಟು ಚೆನ್ನಾಗಿ ಕೇಳುತ್ತದೆ ಎನ್ನುತ್ತಾರೆ ಮಾರುವವರು. ನನಗಂತೂ ನಂಬಿಕೆಯಿಲ್ಲ. ದುಡ್ಡು ಕೊಡುವ ಮೊದಲು ನೀವೇ ನೋಡಿ.

ಮೊದಲು ಲೆಕ್ಕ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಿರುವ 2 ಮೀಟರ್ ಕೇಬಲ್‌ನಲ್ಲಿ ಹೋಗಿ ಬರುವ ದಾರಿ ಸೇರಿ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ, ಸುಮಾರು 0.05 ಓಮ್. 1 ಆಂಪಿಯರ್ ಹರಿದರೆ 0.05 ವೋಲ್ಟ್ ಇಳಿಯುತ್ತದೆ, ಅಷ್ಟೇ. 230 ವೋಲ್ಟ್ ಮುಂದೆ ಅದು ಯಾವ ಲೆಕ್ಕ? ಅದೂ ಅಲ್ಲದೆ ಈ ಕರೆಂಟ್ ನೇರವಾಗಿ ಸ್ಪೀಕರ್‌ಗೆ ಹೋಗುವುದಿಲ್ಲ. ಆಂಪ್ಲಿಫೈಯರ್ ಒಳಗಿನ ಪವರ್ ಸಪ್ಲೈ ಅದನ್ನು ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್) ಮಾಡಿ, ಕೆಪಾಸಿಟರ್‌ಗಳಲ್ಲಿ ತುಂಬಿಟ್ಟುಕೊಂಡು ಬಳಸುತ್ತದೆ. ಗೋಡೆಯೊಳಗಿನ ಮಾಮೂಲಿ ವೈರಿನಲ್ಲಿ ಅಷ್ಟು ದೂರ ಬಂದ ಕರೆಂಟಿಗೆ ಕೊನೆಯ 2 ಮೀಟರ್ ಮಾತ್ರ ರಾಜಮರ್ಯಾದೆ ಯಾಕೆ?

ಈಗಿರುವ ಕೇಬಲ್ ಮುಟ್ಟಿ ನೋಡಿ. ಬಿಸಿಯಾಗುತ್ತಿದ್ದರೆ, ಪ್ಲಗ್ ಸಡಿಲವಿದ್ದರೆ, ಹೊದಿಕೆ ಒಡೆದಿದ್ದರೆ ಬದಲಾಯಿಸಿ. ಸರಿಯಾದ ರೇಟಿಂಗ್ ಇರುವ ಸಾಧಾರಣ ಕೇಬಲ್ ಸಾಕು.

ಸ್ಪೀಕರ್ ಗುಂಯ್‌ಗುಟ್ಟುತ್ತಿದೆಯಾ? ಇಲ್ಲೇ ಜಾಸ್ತಿ ಜನ ಕೇಬಲ್ ಕೊಂಡು ಮೋಸ ಹೋಗುವುದು. ಎಲ್ಲ ಆಫ್ ಮಾಡಿ, ಒಂದು ಉಪಕರಣದ ಸಿಗ್ನಲ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ ಕೇಳಿ. ಹೀಗೆ ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಸದ್ದು ನಿಂತಿತೋ ಅಲ್ಲೇ ಗ್ರೌಂಡ್ ಲೂಪ್ ಇರಬಹುದು, ಅಂದರೆ ಉಪಕರಣಗಳ ಅರ್ತ್ ಮತ್ತು ಸಿಗ್ನಲ್ ವೈರ್ ಸೇರಿ ಆದ ಸುತ್ತಿನಲ್ಲಿ ಬೇಡದ ಕರೆಂಟ್ ಹರಿಯುವುದು. ಎಲ್ಲವನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿ ನೋಡಿ. ಪವರ್ ಕೇಬಲ್ ಮತ್ತು ಸಿಗ್ನಲ್ ವೈರ್ ಒಟ್ಟಿಗೆ ಕಟ್ಟಿದ್ದರೆ ದೂರ ಮಾಡಿ. ಒಂದರ ಮೇಲೊಂದು ಹಾಯಲೇಬೇಕಾದರೆ ಅಡ್ಡಡ್ಡ ಹಾಯಲಿ. ಎಲ್ಲ ಬಿಚ್ಚಿದರೂ ಸದ್ದು ಹೋಗದಿದ್ದರೆ ಆಂಪ್ಲಿಫೈಯರನ್ನು ರಿಪೇರಿಗೆ ತೋರಿಸಿ. ಏನೇ ಆದರೂ ಅರ್ತ್ ಪಿನ್ ಮಾತ್ರ ತೆಗೆಯಬೇಡಿ. ಸದ್ದು ನಿಲ್ಲಬಹುದು, ಶಾಕ್ ಹೊಡೆದರೆ ಜೀವಕ್ಕೇ ಅಪಾಯ.

ಇಷ್ಟಾದರೂ ಆಸೆ ಬಿಡದಿದ್ದರೆ ಕೇಬಲ್ ತನ್ನಿ, ಹಿಂದಿರುಗಿಸಲು ಅವಕಾಶ ಇರುವಲ್ಲಿಂದ. ನೀವು ಕೋಣೆಯಿಂದ ಹೊರಗಿರಿ. ಗೆಳೆಯರೊಬ್ಬರು ನಾಣ್ಯ ಚಿಮ್ಮಿ, ಬಂದ ಮುಖದ ಪ್ರಕಾರ ಹಳೆಯದೋ ಹೊಸದೋ ಕೇಬಲ್ ಹಾಕಿ, ಬರೆದಿಟ್ಟುಕೊಂಡು ಆಚೆ ಹೋಗಲಿ. ಅವರ ಮುಖಭಾವವೇ ಗುಟ್ಟು ಬಿಟ್ಟುಕೊಡುತ್ತದೆ, ಅಲ್ವಾ? ಕೇಬಲ್ ಕಾಣದಂತೆ ಬಟ್ಟೆ ಮುಚ್ಚಿರಲಿ, ವಾಲ್ಯೂಮ್ ಮುಟ್ಟಬೇಡಿ, ಪ್ರತಿ ಸಲ ಅದೇ ಹಾಡಿನ ಅದೇ ಭಾಗ ಕೇಳಿ ಯಾವ ಕೇಬಲ್ ಅಂತ ಬರೆಯಿರಿ. ಹೀಗೆ 10 ಸಲ. ಸುಮ್ನೆ ಊಹಿಸಿದರೂ 5ರ ಆಸುಪಾಸು ಸರಿ ಬರುತ್ತದೆ. 9 ಅಥವಾ 10 ಊಹೆಯಿಂದಲೇ ಬರುವ ಸಾಧ್ಯತೆ ಸುಮಾರು ಶೇ 1. ಅಷ್ಟು ಬಂದರೆ ಕೇಬಲ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗಡುವು ಮುಗಿಯುವ ಮೊದಲೇ ವಾಪಸ್ ಕೊಡಿ.