ಮಗು ಹಾಕಿಕೊಳ್ಳುವುದು ಬಟ್ಟೆಯ ಒಳಮೈಯನ್ನು

ನನ್ನ ಮಗಳಿಗೆ ಮೂರು ತುಂಬಿದಾಗ ಒಂದು ನೆಟ್ ಫ್ರಾಕ್ ಹೊಲಿದೆ. ಐದು ಪದರ ನೆಟ್, ಸೊಂಟಕ್ಕೆ ಸ್ಯಾಟಿನ್ ಪಟ್ಟಿ, ಬೆನ್ನಿಗೆ ಜಿಪ್. ನಾಲ್ಕು ರಾತ್ರಿ ಕೂತು ಮಾಡಿದ್ದು. ಹಾಕಿದ ಹತ್ತೇ ನಿಮಿಷಕ್ಕೆ ಅಳು ಶುರುವಾಯಿತು. ಬಿಚ್ಚಿ ನೋಡಿದರೆ ಸೊಂಟದ ಸುತ್ತ ಕೆಂಪು ಗೆರೆ. ನೆಟ್ಟಿನ ಕತ್ತರಿಸಿದ ಅಂಚೆಲ್ಲಾ ಒಳಗಡೆ ನಿಂತು ಚುಚ್ಚುತ್ತಿತ್ತು. ಹೊರಗಿನಿಂದ ಹೇಗೆ ಕಾಣುತ್ತದೆ ಅಂತ ನೂರು ಸಲ ನೋಡಿದ್ದೆ, ಒಳಗೆ ಒಂದು ಸಲವೂ ಕೈಯಾಡಿಸಿರಲಿಲ್ಲ. ಅವತ್ತಿನಿಂದ ಚಿಕ್ಕ ಮಕ್ಕಳಿಗೆ ಏನೇ ಹೊಲಿದರೂ ಮೊದಲು ಉಲ್ಟಾ ಮಾಡಿ ನನ್ನ ಕೆನ್ನೆಗೆ ಉಜ್ಜಿ ನೋಡುತ್ತೇನೆ. ನನ್ನ ಕೆನ್ನೆಗೆ ಚುಚ್ಚಿದರೆ ಮಗುವಿನ ಸೊಂಟಕ್ಕೂ ಚುಚ್ಚುತ್ತದೆ.

ನೀವು ಈಗಷ್ಟೇ ಶುರು ಮಾಡುತ್ತಿದ್ದರೆ ಸ್ಯಾಟಿನ್, ನೆಟ್, ಜಾರ್ಜೆಟ್ ಕಡೆ ಹೋಗಬೇಡಿ. ಮಿಷನ್ ಕೆಳಗೆ ಜಾರುತ್ತವೆ, ಸುಮ್ನೆ ತಾಳ್ಮೆ ಕೆಡುತ್ತದೆ. ಮೆತ್ತಗಿನ, ಸ್ವಲ್ಪ ಮೈಕಟ್ಟು ಇರುವ ಹತ್ತಿ ಬಟ್ಟೆ ತೊಗೊಳ್ಳಿ. ತೊಳೆದು ತೊಳೆದು ಮೆತ್ತಗಾದ ಹಳೆ ಬೆಡ್‌ಶೀಟ್ ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹೊಸ ಬಟ್ಟೆಯಾದರೆ ಕತ್ತರಿಸುವ ಮೊದಲು ತೊಳೆದು, ಒಣಗಿಸಿ, ಇಸ್ತ್ರಿ ಮಾಡಲೇಬೇಕು. ಹತ್ತಿ ಬಟ್ಟೆ ಮೊದಲ ಸಲ ತೊಳೆದಾಗ 3ರಿಂದ 5 ಪರ್ಸೆಂಟ್ ಕುಗ್ಗುವುದು ಮಾಮೂಲಿ. ದೊಡ್ಡವರ ಬಟ್ಟೆಯಲ್ಲಿ ಅದು ಗೊತ್ತಾಗದೇ ಹೋಗಬಹುದು, ಆದರೆ 20 ಇಂಚಿನ ಬಟ್ಟೆಯಲ್ಲಿ 1 ಇಂಚು ಹೋದರೆ ಅಂಗಿ ತಲೆಯಿಂದ ಕೆಳಗೇ ಇಳಿಯುವುದಿಲ್ಲ.

ತಲೆ ಅಂದೆನಲ್ಲ, ಅದು ಬಹಳ ಜನ ಮರೆಯುವ ಅಳತೆ. ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಎದೆ, ಸೊಂಟ, ಭುಜದಿಂದ ಮೊಣಕಾಲಿನವರೆಗಿನ ಉದ್ದ, ಇವನ್ನೆಲ್ಲ ಬರೆದುಕೊಂಡಾದ ಮೇಲೆ ಹುಬ್ಬಿನ ಮೇಲಿಂದ ತಲೆಯ ಸುತ್ತಳತೆಯನ್ನೂ ತೆಗೆಯಿರಿ. ಅದು 20 ಇಂಚು ಬಂದರೆ ಕುತ್ತಿಗೆಯ ಸುತ್ತು 20ಕ್ಕಿಂತ ಜಾಸ್ತಿ ಇರಬೇಕು, ಇಲ್ಲವೇ ಬೆನ್ನಿನ ಕಡೆ ಮೂರು ನಾಲ್ಕು ಇಂಚು ಸೀಳು ಬಿಟ್ಟು ಗುಂಡಿ ಹಾಕಬೇಕು. ಮಗು ನಿಂತು ಅಳತೆ ಕೊಡದೆ ಓಡುತ್ತಿದ್ದರೆ ಅದಕ್ಕೆ ಸರಿಯಾಗುವ ಒಂದು ಅಂಗಿಯನ್ನು ಮೇಜಿನ ಮೇಲೆ ಹರಡಿ ಅಳೆಯಿರಿ. ನಾನು ಈಗ ಹೀಗೇ ಮಾಡುವುದು.

ಮೊದಲಿಗೆ ಎಲಾಸ್ಟಿಕ್ ಸ್ಕರ್ಟ್ ಒಂದನ್ನು ಹೊಲಿಯಿರಿ. ಅದರಲ್ಲಿ ಎಲ್ಲ ಬರುತ್ತದೆ: ನೇರ ಹೊಲಿಗೆ, ಮಡಿಕೆ, ನೆರಿಗೆ. ಸೊಂಟ 20 ಇಂಚು, ಉದ್ದ 10 ಇಂಚು ಬೇಕು ಅಂತ ಇಟ್ಟುಕೊಳ್ಳಿ. ನೆರಿಗೆ ಚೆನ್ನಾಗಿ ಬರಲು ಅಗಲ ಸೊಂಟದ ಎರಡರಷ್ಟು, ಅಂದರೆ 40, ಜೊತೆಗೆ ಹೊಲಿಗೆಗೆ 1 ಇಂಚು, ಒಟ್ಟು 41. ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು ಇದ್ದರೆ ಒಂದೇ ತುಂಡಿನಲ್ಲಿ ಆಗುತ್ತದೆ, ಎರಡು ಅಂಚು ಸೇರಿಸಿ ಹೊಲಿಯುವ ಜೋಡು ಒಂದೇ. ಉದ್ದಕ್ಕೆ 10ರ ಜೊತೆ ಮೇಲೆ ಎಲಾಸ್ಟಿಕ್ ತೂರಿಸುವ ಮಡಿಕೆಗೆ ಒಂದೂಕಾಲು ಇಂಚು, ಕೆಳಗಿನ ಮಡಿಕೆಗೆ ಎರಡೂಕಾಲು, ಒಟ್ಟು ಹದಿಮೂರೂವರೆ. ಕೆಳಗೆ ಅಷ್ಟೊಂದು ಯಾಕೆ ಅಂತೀರಾ? ಮಗು ಬೆಳೆಯುತ್ತದೆ, ಮುಂದಿನ ವರ್ಷ ಆ ಮಡಿಕೆ ಬಿಚ್ಚಿ ಇಳಿಸಬಹುದು. ಹಳೆ ಮಡಿಕೆಯ ಗೆರೆ ಮಾಸಿ ಕಂಡರೆ ಅದರ ಮೇಲೆ ಒಂದು ಸಾಲು ಲೇಸ್ ಹೊಲಿದರಾಯಿತು.

ಪಕ್ಕದ ಜೋಡನ್ನು ಸಾಮಾನ್ಯವಾಗಿ ಹೊಲಿದು, ಎಳೆ ಬಿಡದಂತೆ ಅಂಚಿಗೆ ಓವರ್‌ಲಾಕ್ ಮಾಡಿಸುತ್ತೇವೆ. ಅದರ ಬದಲು ಜೋಡನ್ನು ಎರಡು ಸಲ ಹೊಲಿದು ಅಂಚನ್ನು ಒಳಗೇ ಮುಚ್ಚಿಬಿಡಿ, ಫ್ರೆಂಚ್ ಸೀಮ್ ಅಂತಾರೆ. ಮೊದಲ ಸಲ ಬಟ್ಟೆಯ ಒಳಮೈಗೆ ಒಳಮೈ ಸೇರಿಸಿ ಕಾಲು ಇಂಚಿಗೆ ಹೊಲಿಯಿರಿ. ಇದು ತಪ್ಪು ಅನ್ನಿಸುತ್ತದೆ, ಯಾಕೆಂದರೆ ಯಾವಾಗಲೂ ನಾವು ಹೊರಮೈ ಒಳಗಿಟ್ಟು ಹೊಲಿಯುವವರು. ಆದರೂ ಹಾಗೇ ಮಾಡಿ. ಆ ಅಂಚನ್ನು ಅರ್ಧಕ್ಕೆ ಕತ್ತರಿಸಿ, ತಿರುಗಿಸಿ, ಇಸ್ತ್ರಿ ಮಾಡಿ, ಈಗ ಹೊರಮೈಗೆ ಹೊರಮೈ ಬಂದಿರುತ್ತದೆ, ಮತ್ತೆ ಕಾಲು ಇಂಚಿಗೆ ಹೊಲಿಯಿರಿ. ಎಳೆ ಬಿಡುವ ಅಂಚು ಪೂರ್ತಿ ಒಳಗೆ ಸೇರಿಕೊಂಡಿತು. ಎರಡೂ ಹೊಲಿಗೆ ಸೇರಿ ಒಂದೊಂದು ಅಂಚಿನಲ್ಲಿ ಅರ್ಧ ಇಂಚೇ ಹೋಗುವುದು, ಲೆಕ್ಕವೇನೂ ಬದಲಾಗುವುದಿಲ್ಲ. ಕೈಯಾಡಿಸಿ ನೋಡಿ, ಎಷ್ಟು ನುಣ್ಣಗೆ ಇರುತ್ತದೆ ಅಲ್ವಾ? ಓವರ್‌ಲಾಕ್ ಮಿಷನ್ ಇಲ್ಲದವರಿಗೂ ಇದೇ ದಾರಿ.

ಎಲಾಸ್ಟಿಕ್ ಮುಕ್ಕಾಲು ಇಂಚು ಅಗಲದ್ದು ಸಾಕು. ಸೊಂಟ 20 ಇದ್ದರೆ 19 ಇಂಚು ಕತ್ತರಿಸಿ. ತುದಿಗಳನ್ನು 1 ಇಂಚು ಒಂದರ ಮೇಲೊಂದು ಇಟ್ಟು ಹೊಲಿದಾಗ 18 ಇಂಚಿನ ಸುತ್ತಾಗುತ್ತದೆ. ಮೇಲಿನ ಮಡಿಕೆ ಹೊಲಿಯುವಾಗ ಎರಡು ಇಂಚು ಬಾಯಿ ಬಿಡಿ, ಎಲಾಸ್ಟಿಕ್‌ನ ಒಂದು ತುದಿಗೆ ಸೇಫ್ಟಿ ಪಿನ್ ಹಾಕಿ ತೂರಿಸಿ, ಇನ್ನೊಂದು ತುದಿಯನ್ನು ಬಟ್ಟೆಗೇ ಪಿನ್ ಮಾಡಿಡಿ, ಇಲ್ಲದಿದ್ದರೆ ಅದು ಒಳಗೆ ಎಳೆದುಕೊಂಡು ಹೋಗುತ್ತದೆ, ಮತ್ತೆ ಮೊದಲಿಂದ ಶುರು. ತುದಿಗಳನ್ನು ಹೊಲಿಯುವ ಮುಂಚೆ ಪಿನ್‌ನಲ್ಲೇ ಮಗುವಿಗೆ ಒಮ್ಮೆ ಹಾಕಿ ನೋಡಿ, ಹೊಟ್ಟೆ ತುಂಬಿದ ಮೇಲೆ ನೋಡಿದರೆ ಇನ್ನೂ ಒಳ್ಳೆಯದು. ಕೊನೆಗೆ ಹಿಂಭಾಗದ ಒಳಗಡೆ ಸಣ್ಣ ರಿಬ್ಬನ್ ತುಂಡು ಮಡಚಿ ಹೊಲಿಯಿರಿ. ಹಿಂದೆ ಯಾವುದು ಅಂತ ಮಗುವಿಗೇ ಗೊತ್ತಾಗುತ್ತದೆ, ತಾನೇ ಹಾಕಿಕೊಳ್ಳುತ್ತದೆ. ಆ ಖುಷಿಯ ಮುಂದೆ ಯಾವ ಕಸೂತಿಯೂ ಇಲ್ಲ.

ಸೂಜಿ ಬಗ್ಗೆ ಎರಡು ಮಾತು. ಮಾಮೂಲಿ ಹತ್ತಿ ಬಟ್ಟೆಗೆ 12 ನಂಬರ್ ಸೂಜಿ, ಜೀನ್ಸ್‌ನಂಥ ದಪ್ಪ ಬಟ್ಟೆಗೆ 16. ಟೀ ಶರ್ಟ್ ಬಟ್ಟೆಗೆ ಬಾಲ್ ಪಾಯಿಂಟ್ ಸೂಜಿಯೇ ಬೇಕು, ಅದರ ಮೊನೆ ಗುಂಡಗಿದ್ದು ಎಳೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸುತ್ತದೆ. ಹೊಲಿಗೆಯೂ ಜಿಗ್‌ಜಾಗ್ ಇರಲಿ, ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗಿದಾಗ ದಾರ ಪಟ್ ಅಂತ ಕಿತ್ತುಬರುತ್ತದೆ.

ಇನ್ನು ವೇಷ. ಹುಲಿ ಆಗಬೇಕು ಅಂದ ಮಗುವಿಗೆ ತಲೆಯಿಂದ ಕಾಲಿನವರೆಗೆ ದಪ್ಪ ಫರ್ ಬಟ್ಟೆಯಲ್ಲಿ ಹುಲಿ ಹೊಲಿಯುವವರಿದ್ದಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಅರ್ಧ ಗಂಟೆಗೆ ಬೆವರಿ ನೀರಾಗುತ್ತದೆ, ಟಾಯ್ಲೆಟ್‌ಗೆ ಹೋಗಬೇಕಾದರೆ ಪೂರ್ತಿ ಬಿಚ್ಚಬೇಕು. ಮಗು ದಿನಾ ಹಾಕುವ ಕಿತ್ತಳೆ ಬಣ್ಣದ ಟೀ ಶರ್ಟ್, ಪ್ಯಾಂಟ್ ಸಾಕು. ಅದರ ಮೇಲೆ ಕಪ್ಪು ಫೆಲ್ಟ್ ಪಟ್ಟೆ, ಹೇರ್‌ಬ್ಯಾಂಡ್ ಮೇಲೆ ಎರಡು ಕಿವಿ, ಹಿಂದೆ ಬಾಲ. ಹುಲಿ ಬಂತು. ಫೆಲ್ಟ್ ನೇಯ್ದ ಬಟ್ಟೆಯಲ್ಲ, ನಾರನ್ನು ಒತ್ತಿ ಮಾಡಿದ್ದು, ಹಾಗಾಗಿ ಕತ್ತರಿಸಿದ ಕಡೆ ಎಳೆ ಬಿಡುವುದಿಲ್ಲ, ಅಂಚು ಮಡಚುವ ಕೆಲಸವೇ ಇಲ್ಲ. ಪಟ್ಟೆಗಳನ್ನು ಉದ್ದುದ್ದ ಕಚ್ಚಾ ಹೊಲಿಗೆಯಲ್ಲಿ ಕೂರಿಸಿದರೆ ಮಾರನೇ ದಿನ ಬಿಚ್ಚಿ ಟೀ ಶರ್ಟ್ ವಾಪಸ್ ಪಡೆಯಬಹುದು. ಬಾಲವನ್ನು ಪ್ಯಾಂಟಿಗೆ ಹೊಲಿಯದೆ ಬೇರೆ ಎಲಾಸ್ಟಿಕ್ ಪಟ್ಟಿಗೆ ಹೊಲಿಯಿರಿ. ಉದ್ದ ಮೊಣಕಾಲಿಗಿಂತ ಮೇಲೇ ಇರಲಿ, ನೆಲಕ್ಕೆ ತಾಗುವ ಬಾಲವನ್ನು ಇನ್ನೊಂದು ಮಗು ತುಳಿಯುವುದು ಖಂಡಿತ.

ಮುಖವಾಡ ಬೇಡ. ಪಕ್ಕಕ್ಕೆ ಏನಿದೆ ಅಂತ ಕಾಣುವುದಿಲ್ಲ, ಮೆಟ್ಟಿಲ ಹತ್ತಿರ ಭಯ. ಪ್ರಾಣಿಯ ಮುಖವನ್ನು ಟೋಪಿಯ ಮೇಲೋ ಹಣೆಪಟ್ಟಿಯ ಮೇಲೋ ತನ್ನಿ.

ಎಲ್ಲ ಮಕ್ಕಳಿಗೂ ಇಷ್ಟವಾಗುವುದು ಕೇಪ್, ಅಂದರೆ ಕತ್ತಿನಿಂದ ಬೆನ್ನ ಮೇಲೆ ಇಳಿಬಿಡುವ ಹೊದಿಕೆ. ರಾಜ, ಮಾಂತ್ರಿಕ, ಚಿಟ್ಟೆ, ಏನಾದರೂ ಆಗಬಹುದು. ಅರ್ಧ ವೃತ್ತದ ಕೇಪ್‌ಗೆ ಲೆಕ್ಕ ಹೀಗೆ: ಕತ್ತಿನ ಸುತ್ತಳತೆ 11 ಇಂಚು ಇದ್ದರೆ ಮುಂದೆ ಒಂದರ ಮೇಲೊಂದು ಕೂರಲು 1 ಸೇರಿಸಿ 12, ಅದನ್ನು 3.14ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಮೂರೂಮುಕ್ಕಾಲು ಇಂಚು. ಉದ್ದ 18 ಬೇಕಾದರೆ ಅದಕ್ಕೆ ಸೇರಿಸಿ, ಇಪ್ಪತ್ತೊಂದೂಮುಕ್ಕಾಲು. ಬಟ್ಟೆಯನ್ನು ಎರಡಾಗಿ ಮಡಚಿ. ಮಡಿಕೆ ಮತ್ತು ಮೇಲಂಚು ಸೇರುವ ಮೂಲೆಯಲ್ಲಿ ದಾರದ ತುದಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಚಾಕ್ ಕಟ್ಟಿ ಮೂರೂಮುಕ್ಕಾಲಿಗೊಂದು, ಇಪ್ಪತ್ತೊಂದೂಮುಕ್ಕಾಲಿಗೊಂದು ಕಮಾನು ಎಳೆಯಿರಿ. ಎರಡನ್ನೂ ಕತ್ತರಿಸಿ ಬಿಡಿಸಿದರೆ ಕೇಪ್. 44 ಇಂಚು ಪನ್ನದಲ್ಲಿ ಸರಿಯಾಗಿ ಕೂರುತ್ತದೆ. ಗುಂಡಗಿನ ಅಂಚನ್ನು ದಪ್ಪಗೆ ಮಡಚಿದರೆ ಸುಕ್ಕು ಬರುತ್ತದೆ, ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿಯನ್ನು ಅಂಚಿಗೆ ಸುತ್ತಿ ಪೈಪಿಂಗ್ ಥರ ಹೊಲಿಯಿರಿ.

ಕತ್ತಿಗೆ ಮಾತ್ರ ಲಾಡಿ, ರಿಬ್ಬನ್, ದಾರ ಕಟ್ಟಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಜಾರುಬಂಡೆಯ ಸಂದಿಗೆ ಲಾಡಿ ಸಿಕ್ಕಿಕೊಂಡು ಮಕ್ಕಳು ಉಸಿರುಗಟ್ಟಿ ಸತ್ತಿದ್ದಾರೆ. ಅಂಥ ಘಟನೆಗಳಾದ ಮೇಲೆಯೇ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲಿ ಮಕ್ಕಳ ಜಾಕೆಟ್‌ಗಳ ಟೋಪಿಗೂ ಕತ್ತಿಗೂ ಲಾಡಿ ಇರಬಾರದು ಅಂತ ಮಾರ್ಗಸೂಚಿ ತಂದಿದ್ದು. ಕೇಪ್‌ಗೆ ಒಂದು ಇಂಚು ವೆಲ್ಕ್ರೋ ಹಾಕಿ, ಯಾರಾದರೂ ಹಿಂದಿನಿಂದ ಎಳೆದ ತಕ್ಷಣ ಬಿಟ್ಟುಕೊಳ್ಳಬೇಕು. ನೀವೇ ಒಮ್ಮೆ ಎಳೆದು ನೋಡಿ. ಮೆತ್ತನೆಯ ಭಾಗ ಮಗುವಿನ ಚರ್ಮದ ಕಡೆ ಇರಲಿ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್, ವಾಕಿಂಗ್ ಹೋಗಿ ಬಂದಾಗ ತನ್ನ ನಾಯಿಯ ಕೂದಲಿಗೆ ಅಂಟಿದ ಮುಳ್ಳುಕಾಯಿ ನೋಡಿ ಈ ವೆಲ್ಕ್ರೋವನ್ನು ಯೋಚಿಸಿದ್ದು. ಒರಟು ಭಾಗದಲ್ಲಿ ಆ ಮುಳ್ಳಿನಂಥದೇ ಕೊಕ್ಕೆಗಳಿವೆ, ನೆಟ್ ಸಿಕ್ಕರೆ ಹಾಗೇ ಕಚ್ಚಿಕೊಳ್ಳುತ್ತವೆ. ಅದಕ್ಕೇ ಒಗೆಯುವಾಗ ವೆಲ್ಕ್ರೋ ಮುಚ್ಚಿಯೇ ಹಾಕಿ.

ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಮಣಿ, ಚಮಕಿ, ಗಾಜಿನ ಗುಂಡಿ ಯಾವುದೂ ಬೇಡ. ಕಿತ್ತು ಬಾಯಿಗೆ ಹಾಕುತ್ತವೆ. ಕಣ್ಣು, ಮೂಗು ಬೇಕಾದರೆ ದಾರದಲ್ಲೇ ಕಸೂತಿ ಮಾಡಿ. ನೆಟ್ ಮತ್ತು ನೈಲಾನ್ ಬಟ್ಟೆ ಹಾಕಿದ ಮಗುವನ್ನು ಮೇಣದಬತ್ತಿಯ ಹತ್ತಿರ ಬಿಡಬೇಡಿ. ಅವು ಉರಿಯುವುದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟುತ್ತವೆ. ನೆಟ್ ಸ್ಕರ್ಟ್ ಬೇಕೇ ಬೇಕು ಅಂತ ಮಗು ಹಠ ಹಿಡಿದರೆ ಒಳಗೆ ಹತ್ತಿ ಲೈನಿಂಗ್ ಕೊಡಿ, ಸೊಂಟದ ಜೋಡನ್ನು ಪೂರ್ತಿ ಹತ್ತಿ ಪಟ್ಟಿಯಲ್ಲಿ ಮುಚ್ಚಿ. ನಾನು ಆ ಹಳೆ ಫ್ರಾಕನ್ನು ಹೀಗೇ ಸರಿ ಮಾಡಿದೆ, ಆಮೇಲೆ ಅವಳು ಅದನ್ನು ಬಿಚ್ಚಲು ಒಪ್ಪುತ್ತಿರಲಿಲ್ಲ.

ಪಾರ್ಟಿ ಇಟ್ಟುಕೊಂಡಿದ್ದರೆ, ಬರುವ ಮಕ್ಕಳಿಗೆಲ್ಲ ವೇಷ ಹೊಲಿದಿಡುವ ಹೊರೆ ಹೊತ್ತುಕೊಳ್ಳಬೇಡಿ. ಅವರೇ ಅಲ್ಲಿ ಕಿರೀಟ ಮಾಡಲಿ. ಹಿಂದಿನ ದಿನವೇ 16 ಇಂಚಿನ ಫೆಲ್ಟ್ ಪಟ್ಟಿಗಳನ್ನು ಕಿರೀಟದ ಆಕಾರಕ್ಕೆ ಕತ್ತರಿಸಿ, ಹಿಂದೆ 4 ಇಂಚು ಎಲಾಸ್ಟಿಕ್ ಹೊಲಿದಿಡಿ, ಹೆಚ್ಚುಕಮ್ಮಿ ಎಲ್ಲ ತಲೆಗೂ ಆಗುತ್ತದೆ. ಬಣ್ಣಬಣ್ಣದ ಫೆಲ್ಟ್ ನಕ್ಷತ್ರ, ಎಲೆ, ಹೂವುಗಳನ್ನೂ ಮುಂಚೆಯೇ ಕತ್ತರಿಸಿ ತಟ್ಟೆಯಲ್ಲಿಡಿ. ಮೂರು ನಾಲ್ಕು ವರ್ಷದವರು ಬಟ್ಟೆ ಗೋಂದಿನಲ್ಲಿ ಅಂಟಿಸಲಿ. ಸ್ವಲ್ಪ ದೊಡ್ಡವರಿಗೆ ಮೊಂಡು ತುದಿಯ ಸೂಜಿ, ಉಲ್ಲನ್ ದಾರ ಕೊಡಿ, ಫೆಲ್ಟಿಗೆ ಮೊದಲೇ ಪಂಚ್‌ನಲ್ಲಿ ತೂತು ಹೊಡೆದಿಟ್ಟರೆ ಅವರೇ ಹೊಲಿಯುತ್ತಾರೆ. ವಕ್ರ ಆದರೆ ಬಿಚ್ಚಿ ಸರಿ ಮಾಡಲು ಹೋಗಬೇಡಿ, ದಯವಿಟ್ಟು. ಅದು ಅವರ ಕಿರೀಟ.

ಉಳಿದ ಚೂರು ಬಟ್ಟೆಯಲ್ಲಿ ತೋರಣ ಆಗುತ್ತದೆ. 7 ಇಂಚು ಅಗಲ, 8 ಇಂಚು ಉದ್ದದ ತ್ರಿಕೋನ ಹನ್ನೆರಡು ಕತ್ತರಿಸಿ, ಪಟ್ಟಿಯ ಮಡಿಕೆಯೊಳಗೆ ಎರಡೆರಡು ಇಂಚು ಅಂತರದಲ್ಲಿ ಸಿಕ್ಕಿಸಿ ಒಂದೇ ಉಸಿರಿಗೆ ಹೊಲಿದುಬಿಡಿ. ಕಟ್ಟಲು ಎರಡೂ ಕಡೆ 12 ಇಂಚು ಬಿಟ್ಟರೆ ಪಟ್ಟಿ 130 ಇಂಚು ಬೇಕು, ಅಂದರೆ ಸುಮಾರು 3.3 ಮೀಟರ್. ಮಕ್ಕಳ ಕೈಗೆ ಸಿಗದ ಎತ್ತರಕ್ಕೆ ಕಟ್ಟಿ.

ಅವತ್ತಿಗೆ ಒಂದು ಸಣ್ಣ ಡಬ್ಬಿ ರೆಡಿ ಇಟ್ಟುಕೊಳ್ಳಿ. ದಾರ ಪೋಣಿಸಿದ ಸೂಜಿ ಎರಡು, ಕತ್ತರಿ, ಒಂದು ತುಂಡು ಎಲಾಸ್ಟಿಕ್, ಆರು ಸೇಫ್ಟಿ ಪಿನ್. ಡಬ್ಬಿಯ ಮುಚ್ಚಳದ ಒಳಗೆ ಸೂಜಿ ಎಷ್ಟು, ಪಿನ್ ಎಷ್ಟು ಅಂತ ಬರೆದಿಡಿ. ಮಕ್ಕಳು ಮನೆಗೆ ಹೊರಡುವ ಮುಂಚೆ ಎಣಿಸಿ. ಒಂದು ಕಡಿಮೆ ಬಂದರೆ ಯಾವ ಮಗುವಿನ ಬಟ್ಟೆಗೆ ಹಾಕಿದ್ದು ಅಂತ ನೆನಪಿಸಿಕೊಂಡು, ತೆಗೆದು, ಆ ಜಾಗಕ್ಕೆ ಎರಡು ಹೊಲಿಗೆ ಹಾಕಿ ಕಳಿಸಿ.